ಒಂಬತ್ತು ಹೊಡೆತ, ಸೊನ್ನೆ ಗೋಲು

ಅಕ್ಕನ ಮಗ ಊಟ ಬೇಡ ಅಂತ ಕಂಬಳಿ ಹೊದ್ದು ಮಲಗಿಬಿಟ್ಟಿದ್ದ. ಗೆಂಡೆಹಳ್ಳಿಯಲ್ಲಿ ಆವತ್ತು ಸಂಜೆಯಿಂದಲೇ ಜಿಟಿಜಿಟಿ ಮಳೆ. ಒಳಗೆ ಒಲೆ ಮುಂದೆ ಅವ್ವ ಮತ್ತು ಅಕ್ಕ, ಹೊರಗೆ ಜಗಲಿ ಮೇಲೆ ಅಪ್ಪ ಮತ್ತು ನಾನು. ಹಾಸನದಲ್ಲಿ ನಡೆದ ಹುಡುಗರ ಫುಟ್‌ಬಾಲ್ ಟೂರ್ನಮೆಂಟಿನ ಸೆಮಿಫೈನಲ್‌ನಲ್ಲಿ ಅವನ ತಂಡ 1-0ಯಿಂದ ಸೋತಿತ್ತು. ಅವನು ಫಾರ್ವರ್ಡ್ ಆಡುವವನು. ಮೂರು ಮ್ಯಾಚಿನಲ್ಲಿ ಒಂದೂ ಗೋಲು ಹೊಡೆದಿರಲಿಲ್ಲ.

ಸೋತಿದ್ದಕ್ಕಿಂತ ಸೋತ ಮೇಲೆ ಕೇಳಿದ ಮಾತು ಅವನಿಗೆ ಜಾಸ್ತಿ ತಾಗಿತ್ತು. ತಂಡ ನೋಡಿಕೊಳ್ಳುವ ಮೇಷ್ಟ್ರು ಎಲ್ಲ ಹುಡುಗರ ಎದುರಿಗೇ 'ಗೋಲು ಹೊಡೀದಿರೋ ಫಾರ್ವರ್ಡು, ಹಾಲು ಕೊಡದಿರೋ ಎಮ್ಮೆ, ಎರಡೂ ಒಂದೇ' ಅಂದಿದ್ದರಂತೆ. ವಾಪಸ್ ಬರುವಾಗ ಬೇಲೂರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ ನಮ್ಮೂರಿನವರೊಬ್ಬರು, ಮ್ಯಾಚನ್ನೇ ನೋಡದಿದ್ದವರು, 'ಎದುರಿಗೆ ಗೋಲ್ ಕೀಪರ್ ಒಬ್ನೇ ಇದ್ನಂತಲ್ಲೋ, ಅದನ್ನೂ ಬಿಟ್ಯಂತೆ' ಅಂದರು. ಹುಡುಗ ತಲೆ ಬಗ್ಗಿಸಿದವನು ಊರು ಬರೋ ತನಕ ಎತ್ತಲಿಲ್ಲ. ಆ ಟೂರ್ನಮೆಂಟ್ ನೋಡಿಯೇ ಜಿಲ್ಲಾ ತಂಡಕ್ಕೆ ಹುಡುಗರನ್ನು ಆರಿಸುತ್ತಾರೆ ಅನ್ನೋದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

'ನೀನು ಅಲ್ಲೇ ಇದ್ಯಲ್ಲ. ಆಟ ನೋಡೋದು ಬಿಟ್ಟು ಅದೇನೋ ಬರೀತಾ ಕೂತಿದ್ಯಂತೆ. ಏನ್ಲಾ ಅದು?' ಅಂತ ಅಪ್ಪ ಕೇಳಿದ.

ಬ್ಯಾಗಿನಲ್ಲಿ ನೂರು ಪುಟದ ಒಂದು ನೋಟ್‌ಬುಕ್ಕಿತ್ತು. ಅಪ್ಪನಿಗೆ ಉತ್ತರ ಹೇಳೋದಕ್ಕೆ ಮುಂಚೆ, ಆ ನೋಟ್‌ಬುಕ್ ನನ್ನ ಬ್ಯಾಗಿಗೆ ಹೇಗೆ ಬಂತು ಅಂತ ನಿಮಗೆ ಹೇಳಬೇಕು.

ಬೆಂಗಳೂರಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಕಾನ್ಪುರದ ಗೆಳೆಯನೊಬ್ಬ ನನ್ನೂರಿನ ಹೆಸರು ಕೇಳಿದಾಗಲೆಲ್ಲ ನಗುತ್ತಾನೆ. ಹಿಂದಿಯಲ್ಲಿ ಗೇಂದ್ ಅಂದ್ರೆ ಚೆಂಡು, ಹಾಗಾಗಿ ಅವನ ಲೆಕ್ಕದಲ್ಲಿ ನಾನು ಚೆಂಡಿನಹಳ್ಳಿಯವನು. ನಮ್ಮ ಕಡೆ ಗೆಂಡೆ ಅಂದ್ರೆ ಮೀನು ಮಾರಾಯ ಅಂತ ಎಷ್ಟು ಸಲ ಹೇಳಿದರೂ ಅಷ್ಟೆ. ನಿಜ ಹೇಳಬೇಕೆಂದರೆ ನಾನು ಓದುವಾಗ ನಮ್ಮೂರಿನಲ್ಲಿ ಫುಟ್‌ಬಾಲೇ ಇರಲಿಲ್ಲ. ಕೊಯ್ಲಾದ ಗದ್ದೆಯಲ್ಲಿ ಕ್ರಿಕೆಟ್ಟು, ಗಣಪತಿ ಹಬ್ಬಕ್ಕೆ ವಾಲಿಬಾಲು, ಅಷ್ಟೇ. ಫುಟ್‌ಬಾಲನ್ನು ಸರಿಯಾಗಿ ನೋಡಿದ್ದು 2010ರ ವಿಶ್ವಕಪ್ಪಿನಲ್ಲಿ, ಇಂಜಿನಿಯರಿಂಗ್ ಹಾಸ್ಟೆಲ್ಲಿನ ಟಿವಿ ರೂಮಿನಲ್ಲಿ. ಆಗ ಆಟಗಾರರಿಗಿಂತ ಹೆಚ್ಚು ಹೆಸರು ಮಾಡಿದ್ದು ಜರ್ಮನಿಯ ಪಾಲ್ ಅನ್ನೋ ಆಕ್ಟೋಪಸ್. ಜರ್ಮನಿಯ ಏಳು ಪಂದ್ಯ ಮತ್ತು ಫೈನಲ್, ಎಂಟಕ್ಕೆ ಎಂಟೂ ಸರಿ ಹೇಳಿತ್ತು. ನಾವೆಲ್ಲ ಬೆರಗಾಗಿದ್ದೆವು. ನಾಣ್ಯ ಚಿಮ್ಮಿದರೂ 256ರಲ್ಲಿ ಒಂದು ಸಲ ಹೀಗಾಗುತ್ತದೆ, ಪ್ರಪಂಚದಲ್ಲಿ ಭವಿಷ್ಯ ಹೇಳಿಸಿಕೊಂಡ ಪ್ರಾಣಿಗಳು ಎಷ್ಟಿದ್ದವೋ, ತಪ್ಪು ಹೇಳಿದವುಗಳ ಸುದ್ದಿಯನ್ನು ಯಾರು ಬರೀತಾರೆ ಅಂತ ಪ್ರಾಬಬಿಲಿಟಿ ಪೇಪರ್ ಪಾಸು ಮಾಡಿದ್ದ ನಮ್ಮಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದಮೇಲೆ, 2013ರಲ್ಲಿ ಬೆಂಗಳೂರು ಎಫ್‌ಸಿ ಶುರುವಾಯ್ತು. ಮೊದಲ ವರ್ಷವೇ ಐ-ಲೀಗ್ ಗೆದ್ದುಬಿಟ್ಟಿತು. ಊರಲ್ಲಿಲ್ಲದ ಜಾತ್ರೆ ನನಗೆ ಅಲ್ಲಿ ಸಿಕ್ಕಿತು. 2017ರಲ್ಲಿ ತಂಡ ಇಂಡಿಯನ್ ಸೂಪರ್ ಲೀಗ್ ಸೇರಿಕೊಂಡಿತು. ಆ ಸೀಸನ್ನಿನ ಲೀಗ್ ಹಂತದ 18 ಪಂದ್ಯಗಳಲ್ಲಿ 40 ಅಂಕ ಪಡೆದು ಮೊದಲ ಸ್ಥಾನ. ಎರಡನೇ ಸ್ಥಾನದ ಚೆನ್ನೈಯಿನ್ ತಂಡಕ್ಕೆ 32. ಫೈನಲ್ ನಮ್ಮ ಕಂಠೀರವದಲ್ಲೇ, 2018ರ ಮಾರ್ಚ್ 17ಕ್ಕೆ. ಎದುರಿಗೆ ಅದೇ ಚೆನ್ನೈಯಿನ್. ಒಂಬತ್ತನೇ ನಿಮಿಷಕ್ಕೆ ಸುನಿಲ್ ಛೆಟ್ರಿ ತಲೆಯಿಂದ ಗೋಲು ಹೊಡೆದಾಗ ನಾನು ಪಕ್ಕದಲ್ಲಿದ್ದ, ಹೆಸರೂ ಗೊತ್ತಿಲ್ಲದವನನ್ನು ತಬ್ಬಿಕೊಂಡಿದ್ದೆ. ಆಮೇಲೆ ಎರಡು ಕಾರ್ನರ್ ಕಿಕ್, ಎರಡಕ್ಕೂ ಮೈಲ್ಸನ್ ಆಲ್ವೆಸ್ ತಲೆ ಕೊಟ್ಟ, ಎರಡೂ ಗೋಲು. ಕೊನೆಗೆ 3-2ರಿಂದ ಸೋತೆವು.

ಮನೆಗೆ ಹೋಗುವಾಗ ಮೆಟ್ರೋದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ದೊಡ್ಡ ಮ್ಯಾಚಿನಲ್ಲಿ ನಮ್ಮವರಿಗೆ ಧೈರ್ಯ ಸಾಲಲ್ಲ. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ಕ್ಕೆ, ಮುಂಬೈಯಲ್ಲಿ ಗೋವಾ ಮೇಲೆ ಫೈನಲ್. 90 ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯವೂ ಮುಗೀತಾ ಬಂತು ಅನ್ನುವಾಗ 117ನೇ ನಿಮಿಷದಲ್ಲಿ ಒಂದು ಕಾರ್ನರ್ ಕಿಕ್, ರಾಹುಲ್ ಭೇಕೆ ತಲೆ, ಗೋಲು. ಈ ಸಲ ಅದೇ ಜನ 'ನಮ್ಮವರ ಗುಂಡಿಗೆ ನೋಡಿ' ಅಂದರು. ಎರಡೂ ಸಲ ಕಪ್ಪಿನ ದಿಕ್ಕು ತಿರುಗಿಸಿದ್ದು ಕಾರ್ನರಿನಿಂದ ಬಂದ ಚೆಂಡು ಯಾರದೋ ಹಣೆಗೆ ಬಡಿದ ರೀತಿ. ಹೋದ ವರ್ಷ ಇಲ್ಲದ ಗುಂಡಿಗೆ ಈ ವರ್ಷ ಎಲ್ಲಿಂದ ಬಂತು? ಈ ಪ್ರಶ್ನೆ ನನ್ನ ತಲೆಯೊಳಗೆ ಕೂತುಬಿಟ್ಟಿತು.

ಫುಟ್‌ಬಾಲಿನ ಕಷ್ಟ ಇರೋದೇ ಇಲ್ಲಿ. ಕ್ರಿಕೆಟ್ಟಿನ ಒಂದು ದಿನದ ಪಂದ್ಯದಲ್ಲಿ ಎರಡೂ ಕಡೆ ಸೇರಿ ಐನೂರು ರನ್ ಬರುತ್ತೆ. ಒಂದು ಎಡ್ಜು ಬೌಂಡರಿಗೆ ಹೋದರೆ ಅದು ಆ ಐನೂರರಲ್ಲಿ ಕರಗಿಹೋಗುತ್ತೆ. ಕಬಡ್ಡಿಯಲ್ಲೂ ಅರವತ್ತು ಎಪ್ಪತ್ತು ಪಾಯಿಂಟು. ಫುಟ್‌ಬಾಲಿನಲ್ಲಿ 90 ನಿಮಿಷ ಓಡಿ ಸಿಗೋದು ಎರಡೋ ಮೂರೋ ಗೋಲು. ಅಷ್ಟು ಕಡಿಮೆ ಇದ್ದಾಗ ಒಂದು ಗೋಲಿನ ತೂಕ ವಿಪರೀತ ಆಗುತ್ತೆ. ಆ ಒಂದು ಗೋಲು ಯಾರದೋ ಮೊಣಕಾಲಿಗೆ ತಾಗಿ ಒಳಗೆ ಹೋಗಿದ್ದಾಗಿರಲೂಬಹುದು. ನಾವು ಮಾತ್ರ ಅದರ ಮೇಲೆ ಹನ್ನೊಂದು ಜನರ ಗುಣ, ಅವಗುಣ, ಧೈರ್ಯ ಎಲ್ಲವನ್ನೂ ಕಟ್ಟಿಬಿಡುತ್ತೇವೆ.

ಇದಕ್ಕೆ ಲೆಕ್ಕದವರು ಕಂಡುಕೊಂಡ ಉಪಾಯದ ಹೆಸರು ಎಕ್ಸ್‌ಪೆಕ್ಟೆಡ್ ಗೋಲ್ಸ್. ಎಲ್ಲರೂ ಎಕ್ಸ್‌ಜಿ ಅಂತ ಕರೀತಾರೆ. ಆಪ್ಟಾ ಕಂಪನಿಯ ಸ್ಯಾಮ್ ಗ್ರೀನ್ 2012ರಲ್ಲಿ ಬರೆದ ಲೇಖನದಿಂದ ಇದು ಜನರಿಗೆ ಪರಿಚಯವಾಯ್ತು. 2017ರ ಹೊತ್ತಿಗೆ ಬಿಬಿಸಿಯ ಮ್ಯಾಚ್ ಆಫ್ ದಿ ಡೇ ಕಾರ್ಯಕ್ರಮದಲ್ಲೂ ತೋರಿಸೋಕೆ ಶುರು ಮಾಡಿದರು. ವಿಷಯ ಸರಳ. ಒಬ್ಬ ಗೋಲಿನ ಕಡೆ ಹೊಡೆದ ಅಂದ್ಕೊಳ್ಳಿ. ಅದೇ ತರಹದ ಜಾಗದಿಂದ, ಅದೇ ಕೋನದಿಂದ, ಕಾಲಿನಿಂದಲೋ ತಲೆಯಿಂದಲೋ, ಹಿಂದೆ ಸಾವಿರಾರು ಜನ ಹೊಡೆದಿದ್ದಾರೆ. ಅದರಲ್ಲಿ ನೂರಕ್ಕೆ ಎಷ್ಟು ಗೋಲಾಗಿದೆ ಅನ್ನೋದೇ ಆ ಹೊಡೆತದ ಬೆಲೆ. ಪೆನಾಲ್ಟಿಗೆ ಸುಮಾರು 0.76ರಿಂದ 0.79, ಅಂದರೆ ನಾಲ್ಕರಲ್ಲಿ ಮೂರು ಗೋಲು. ಪೆನಾಲ್ಟಿ ಬಾಕ್ಸಿನ ಹೊರಗಿನಿಂದ ಹೊಡೆದರೆ ನೂರಕ್ಕೆ ಮೂರು ನಾಲ್ಕು ಅಷ್ಟೇ. ಎಲ್ಲ ಹೊಡೆತಗಳನ್ನೂ ಸೇರಿಸಿ ಸರಾಸರಿ ತೆಗೆದರೆ ಹತ್ತಕ್ಕೆ ಒಂದು. ಅಂದರೆ ಜಗತ್ತಿನ ದೊಡ್ಡ ದೊಡ್ಡ ಲೀಗುಗಳಲ್ಲಿ, ಕೋಟಿಗಟ್ಟಲೆ ಸಂಬಳ ತಗೊಳ್ಳುವವರು ಹೊಡೆದರೂ ಹತ್ತರಲ್ಲಿ ಒಂಬತ್ತು ಗೋಲಾಗಲ್ಲ.

ನಾನು ಇದನ್ನು ಓದಿ ಸುಮ್ಮನಿರಲಿಲ್ಲ, ಪ್ರೋಗ್ರಾಮ್ ಬರೆಯೋದು ತಾನೆ ನನ್ನ ಹೊಟ್ಟೆಪಾಡು. ಎರಡು ಗೋಲಿನಷ್ಟು ಅವಕಾಶ ಸೃಷ್ಟಿಸುವ ತಂಡ, ಒಂದು ಗೋಲಿನಷ್ಟು ಅವಕಾಶ ಸೃಷ್ಟಿಸುವ ತಂಡ, ಇವೆರಡನ್ನೂ ಕಂಪ್ಯೂಟರಿನಲ್ಲಿ ಹತ್ತು ಸಾವಿರ ಸಲ ಆಡಿಸಿದೆ. ಒಂದಕ್ಕಿಂತ ಇನ್ನೊಂದು ದುಪ್ಪಟ್ಟು ಒಳ್ಳೆಯ ತಂಡ. ಆದರೂ ನೂರರಲ್ಲಿ ಅದು ಗೆಲ್ಲೋದು ಸುಮಾರು 61 ಸಲ, ಡ್ರಾ 21, ಸೋಲೋದು 18. ಹೆಚ್ಚುಕಮ್ಮಿ ಐದಾರು ಮ್ಯಾಚಿಗೊಂದು ಸಲ ದುಪ್ಪಟ್ಟು ಒಳ್ಳೆಯವರೇ ಸೋಲ್ತಾರೆ, ಯಾರೂ ಹೆದರದೆ, ಯಾರೂ ತಪ್ಪು ಮಾಡದೆ. ಕಂಠೀರವದ ಆ ರಾತ್ರಿ ಇಂಥದ್ದೇ ಆಗಿತ್ತು ಅಂತ ನಾನು ಸಾಧಿಸಿ ತೋರಿಸಲಾರೆ. ಆದರೆ 18 ಪಂದ್ಯಗಳ ಮಾತನ್ನು ಒಂದು ಪಂದ್ಯದ ಮಾತಿನಿಂದ ಅಳಿಸಬಾರದು ಅನ್ನೋದು ಮಾತ್ರ ತಲೆಗೆ ಹೋಯ್ತು.

ಆಮೇಲೆ ಇನ್ನೊಂದು ಸಂತೋಷದ ಸುದ್ದಿ ಸಿಕ್ಕಿತು. ಸ್ಟಾಟ್ಸ್‌ಬಾಂಬ್ ಅನ್ನೋ ಕಂಪನಿ ಮೆಸ್ಸಿ ಸ್ಪೇನಿನಲ್ಲಿ ಆಡಿದ ಲೀಗ್ ಪಂದ್ಯಗಳ ಜೊತೆಗೆ, ನಮ್ಮ ಇಂಡಿಯನ್ ಸೂಪರ್ ಲೀಗಿನ 2021-22ರ ಸೀಸನ್ನಿನ ದತ್ತಾಂಶವನ್ನೂ ಯಾರು ಬೇಕಾದರೂ ಬಳಸಲಿ ಅಂತ ಪುಕ್ಕಟೆ ಬಿಟ್ಟಿದೆ. ಕೋವಿಡ್ ಕಾರಣಕ್ಕೆ ಇಡೀ ಸೀಸನ್ನನ್ನು ಗೋವಾದ ಮೂರು ಮೈದಾನಗಳಲ್ಲಿ, ಬಹುಪಾಲು ಖಾಲಿ ಕುರ್ಚಿಗಳ ಮುಂದೆ ಆಡಿದ್ದ ವರ್ಷ ಅದು. ಮೈದಾನವನ್ನು 120 ಉದ್ದ, 80 ಅಗಲದ ಚೌಕ ಮಾಡಿ, ಪ್ರತಿ ಪಾಸು, ಪ್ರತಿ ಟ್ಯಾಕಲ್, ಪ್ರತಿ ಹೊಡೆತ ಎಲ್ಲಿ ಆಯ್ತು ಅಂತ ಗುರುತು ಹಾಕಿಟ್ಟಿದ್ದಾರೆ. ಹೊಡೆತದ ಕ್ಷಣದಲ್ಲಿ ಗೋಲ್ ಕೀಪರ್ ಎಲ್ಲಿದ್ದ, ಅಡ್ಡ ಯಾರಿದ್ದರು ಅನ್ನೋದೂ ಇದೆ. ಆಫೀಸಿನ ಕೆಲಸ ಮುಗಿಸಿ ರಾತ್ರಿ ಎರಡು ಗಂಟೆ ತನಕ ಅದರಲ್ಲಿ ಮುಳುಗಿರುತ್ತಿದ್ದೆ. ಯಾರೂ ನೋಡದೆ ಮರೆತ ಹೊಡೆತಗಳೆಲ್ಲ ಅಲ್ಲಿ ಚುಕ್ಕಿಗಳಾಗಿ ಕೂತಿದ್ದವು.

ಹೀಗೆ ರೂಢಿಯಾಗಿ, ಯಾವ ಮ್ಯಾಚಿಗೆ ಹೋದರೂ ಕೈಯಲ್ಲೊಂದು ನೋಟ್‌ಬುಕ್ ಇರುತ್ತಿತ್ತು. ಈ ಹುಚ್ಚಿಗೆ ನಾನೇ ಮೊದಲಿಗನಲ್ಲ. 1950ರ ಮಾರ್ಚ್ 18ರಂದು ಇಂಗ್ಲೆಂಡಿನ ಸ್ವಿಂಡನ್ ಊರಿನಲ್ಲಿ ಬ್ರಿಸ್ಟಲ್ ರೋವರ್ಸ್ ವಿರುದ್ಧ ಮ್ಯಾಚು ನಡೀತಿದ್ದಾಗ, ವಾಯುಪಡೆಯ ಲೆಕ್ಕಪತ್ರ ವಿಭಾಗದ ಚಾರ್ಲ್ಸ್ ರೀಪ್ ಅನ್ನೋವರು ಬೇಜಾರಾಗಿ ಜೇಬಿನಿಂದ ಪುಸ್ತಕ, ಪೆನ್ಸಿಲ್ ತೆಗೆದು ಪ್ರತಿ ದಾಳಿಯನ್ನೂ ಗುರುತು ಹಾಕತೊಡಗಿದರು. ಆಮೇಲೆ ಎರಡು ಸಾವಿರಕ್ಕೂ ಹೆಚ್ಚು ಮ್ಯಾಚು ಬರೆದರು. 1968ರಲ್ಲಿ ಬರ್ನಾರ್ಡ್ ಬೆಂಜಮಿನ್ ಜೊತೆ ರಾಯಲ್ ಸ್ಟಾಟಿಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಬಂಧವನ್ನೂ ಪ್ರಕಟಿಸಿದರು. ಅಷ್ಟು ಕಷ್ಟಪಟ್ಟ ಮನುಷ್ಯ ಕೊನೆಗೆ ಎಡವಿದ್ದು ಮಾತ್ರ ಸಣ್ಣ ಜಾಗದಲ್ಲಿ. ಗೋಲುಗಳಲ್ಲಿ ಸುಮಾರು ಹತ್ತಕ್ಕೆ ಎಂಟು, ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸುಗಳ ದಾಳಿಯಿಂದ ಬಂದಿವೆ, ಹಾಗಾಗಿ ಸುಮ್ಮನೆ ಪಾಸು ಮಾಡ್ತಾ ಕೂರಬೇಡಿ, ಉದ್ದಕ್ಕೆ ಮುಂದಕ್ಕೆ ಒದೆಯಿರಿ ಅಂದರು. ಆದರೆ ಎಲ್ಲ ದಾಳಿಗಳಲ್ಲೂ ಹತ್ತಕ್ಕೆ ಒಂಬತ್ತು ಅಷ್ಟು ಚಿಕ್ಕವೇ. ಬೇಲೂರು ರಸ್ತೆಯಲ್ಲಿ ಬೀಳೋರು ಬಹಳ ಮಂದಿ ಬೈಕಿನವರು ಅಂದ್ರೆ, ಓಡಾಡೋ ಬಹಳ ಮಂದಿಯೂ ಬೈಕಿನವರೇ ಅಲ್ವಾ? 2005ರಲ್ಲಿ ಮೈಕ್ ಹ್ಯೂಸ್ ಮತ್ತು ಇಯಾನ್ ಫ್ರಾಂಕ್ಸ್ ಲೆಕ್ಕವನ್ನು ತಿರುಗಿಸಿ ಹಾಕಿ, ದಾಳಿ ಒಂದಕ್ಕೆ ಎಷ್ಟು ಹೊಡೆತ ಅಂತ ನೋಡಿದಾಗ ಉದ್ದದ ಪಾಸುಗಳ ಸರಣಿಯೇ ಮೇಲಿತ್ತು. ರೀಪ್ ಕಥೆಯನ್ನು ನಾನು ಪದೇಪದೇ ನೆನಪು ಮಾಡಿಕೊಳ್ಳುತ್ತೇನೆ. ನೋಟ್‌ಬುಕ್ ಇದ್ದ ಮಾತ್ರಕ್ಕೆ ಬುದ್ಧಿ ಇರುತ್ತೆ ಅಂತಲ್ಲ.

ಈಗ ಜಗಲಿಗೆ ವಾಪಸ್ ಬರೋಣ.

ಅಪ್ಪನಿಗೆ ಇದನ್ನೆಲ್ಲ ಹೇಗೆ ಹೇಳೋದು ಅಂತ ಯೋಚನೆ ಮಾಡ್ತಿದ್ದೆ. ಎದುರಿಗೆ ಗೋಡೆಯ ಮೊಳೆಗೆ ಅಪ್ಪನ ಮಳೆ ಪುಸ್ತಕ ನೇತಾಡುತ್ತಿತ್ತು. ನಮ್ಮದು ಮೂರು ಎಕರೆ ರೊಬಸ್ಟಾ. ಕಾಫಿಯವರ ಮನೆಗಳಲ್ಲಿ ಇದು ಹೊಸದಲ್ಲ. ದಿನಾ ಬೆಳಿಗ್ಗೆ ಮಳೆ ಅಳತೆ ನೋಡಿ, ತಾರೀಕು, ಇಂಚು, ಸೆಂಟು ಬರೆದಿಡೋದು. ನನ್ನ ನೋಟ್‌ಬುಕ್ಕಿನ ತಾತ ಈ ಪುಸ್ತಕ ಅನ್ನೋದು ನನಗೆ ಹೊಳೆದಿದ್ದೇ ಆವತ್ತು.

'ಅಪ್ಪ, ಮಾರ್ಚಿನಲ್ಲಿ ಎರಡಿಂಚು ಮಳೆ ಬಂತು ಅಂದ್ರೆ ಸಾಕಾ, ಫಸಲು ಹೇಳಿಬಿಡ್ತೀಯಾ?' ಅಂದೆ.

'ಎಲ್ಲಿ ಹೇಳಾಕಾಗುತ್ತೆ? ಯಾವತ್ತು ಬಂತು ಅನ್ನೋದು ಬ್ಯಾಡ್ವಾ? ಮೊಗ್ಗು ಬಲಿತಾಗ ಬಂದ್ರೆ ಅದು ಹೂ ಮಳೆ. ಎಂಟು ದಿನಕ್ಕೆ ಹೂ ಅರಳ್ತದೆ. ಅರಳಿದ ದಿನವೇ ಸುರೀತು ಅನ್ನು, ಅದೇ ಎರಡಿಂಚು ಫಸಲು ತೆಗೆದುಬಿಡ್ತದೆ. ಆಮೇಲೆ ಬ್ಯಾಕಿಂಗ್ ಮಳೆನೂ ಬರಬೇಕು.'

'ಎಲ್ಲ ಸರಿಯಾಗಿ ಬಂತು ಅಂದ್ಕೋ. ಆಗ?'

'ಆಗ್ಲೂ ಗ್ಯಾರಂಟಿ ಇಲ್ಲ. ಆದ್ರೆ ನಂಬಬೋದು.'

'ಅದೇ ಇದು. ಎಷ್ಟು ಸಲ ಹೊಡೆದ ಅನ್ನೋದು ಎಷ್ಟು ಇಂಚು ಅಂದಂಗೆ. ಎಲ್ಲಿಂದ ಹೊಡೆದ ಅನ್ನೋದು ಯಾವತ್ತು ಬಂತು ಅಂದಂಗೆ. ಗೋಲು ಫಸಲು.'

ಅಪ್ಪ ಕನ್ನಡಕ ಹಾಕಿಕೊಂಡು ನೋಟ್‌ಬುಕ್ ಇಸ್ಕೊಂಡ. ಮೂರು ಮ್ಯಾಚಿನಲ್ಲಿ ಹುಡುಗ ಒಟ್ಟು ಒಂಬತ್ತು ಸಲ ಗೋಲಿಗೆ ಹೊಡೆದಿದ್ದ. ತಂಡದಲ್ಲಿ ಬೇರೆ ಯಾರೂ ನಾಲ್ಕು ದಾಟಿರಲಿಲ್ಲ. ಪ್ರತಿಯೊಂದಕ್ಕೂ ನನ್ನ ಅಂದಾಜಿನ ಬೆಲೆ ಹಾಕಿದ್ದೆ. ಗೋಲ್ ಕೀಪರ್ ಒಬ್ಬನೇ ಎದುರಿಗಿದ್ದ ಆ ಕುಖ್ಯಾತ ಹೊಡೆತಕ್ಕೆ 0.35. ಇನ್ನೊಂದಕ್ಕೆ 0.30. ಆಮೇಲೆ 0.20, 0.15, ಎರಡು 0.10, ಒಂದು 0.08, ಎರಡು 0.05. ಕೂಡಿದರೆ 1.38.

'ಅಂದ್ರೆ ಒಂದೂಕಾಲು ಗೋಲಾದ್ರೂ ಆಗಬೇಕಿತ್ತು. ಆಗ್ಲಿಲ್ಲ. ತಪ್ಪು ಅವನದ್ದೇ ಆಯ್ತಲ್ಲ?' ಅಂದ ಅಪ್ಪ. ಒಳಗೆ ಕಂಬಳಿ ಸ್ವಲ್ಪ ಅಲುಗಾಡಿದ್ದು ನನಗೆ ಕಾಣಿಸಿತು.

ಇಲ್ಲೇ ನಾವೆಲ್ಲ ಜಾರೋದು. ಹಾಗಾಗಿ ಅಪ್ಪನಿಗೆ ಮೊಬೈಲಿನ ಕ್ಯಾಲ್ಕುಲೇಟರಿನಲ್ಲೇ ತೋರಿಸಿದೆ. ಮೊದಲ ಹೊಡೆತ ಗೋಲಾಗದೇ ಇರುವ ಸಾಧ್ಯತೆ 0.65. ಎರಡನೆಯದು ಆಗದೇ ಇರೋದು 0.70. ಗುಣಿಸಿದರೆ 0.455. ಹೀಗೆ ಒಂಬತ್ತನ್ನೂ ಗುಣಿಸುತ್ತಾ ಹೋದರೆ ಕೊನೆಗೆ ಉಳಿಯೋದು 0.21. ಅಂದರೆ ಇದೇ ಒಂಬತ್ತು ಅವಕಾಶಗಳನ್ನು ಒಬ್ಬ ಸಾಧಾರಣವಾಗಿ ಚೆನ್ನಾಗಿ ಹೊಡೆಯುವವನಿಗೆ ಕೊಟ್ಟರೂ, ಐದು ಟೂರ್ನಮೆಂಟಿನಲ್ಲಿ ಒಂದರಲ್ಲಿ ಅವನೂ ಸೊನ್ನೆ ಸುತ್ತಿ ಮನೆಗೆ ಬರುತ್ತಾನೆ. ಕಂಬಳಿ ಹೊದ್ದು ಮಲಗುತ್ತಾನೆ.

ಕಂಬಳಿಯೊಳಗಿನಿಂದ ದನಿ ಬಂತು. 'ಹಂಗಾದ್ರೆ ನಾನು ಚೆನ್ನಾಗಾಡ್ತೀನಿ ಅಂತನಾ ಮಾವ?'

ಹೌದು ಅಂದುಬಿಡಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು ಕೂಡ. ಆಗ ಲಿವರ್‌ಪೂಲಿನ ಕಥೆಯನ್ನು ಹೇಳಿದೆ. ಜರ್ಮನಿಯ ಡಾರ್ಟ್‌ಮುಂಡ್ ತಂಡ 2014-15ರಲ್ಲಿ ಏಳನೇ ಸ್ಥಾನಕ್ಕೆ ಕುಸಿದು, ಕೋಚ್ ಯುರ್ಗನ್ ಕ್ಲಾಪ್ ಕೆಲಸ ಬಿಟ್ಟರು. ಅವರ ಕಾಲ ಮುಗೀತು ಅಂದವರು ಬಹಳ. ಲಿವರ್‌ಪೂಲಿನಲ್ಲಿ ಇಯಾನ್ ಗ್ರಹಾಂ ಅಂತ, ಕೇಂಬ್ರಿಡ್ಜಿನಲ್ಲಿ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದವರು ಲೆಕ್ಕ ಹಾಕಿದರೆ, ಆಟದ ಪ್ರಕಾರ ಆ ತಂಡ ಎರಡನೇ ಸ್ಥಾನದಲ್ಲಿರಬೇಕಿತ್ತು. 2015ರ ಅಕ್ಟೋಬರಿನಲ್ಲಿ ಲಿವರ್‌ಪೂಲ್ ಕ್ಲಾಪ್‌ರನ್ನು ಕರೆದುಕೊಂಡಿತು. ಆಮೇಲೊಂದು ದಿನ ಗ್ರಹಾಂ ಅವರ ರೂಮಿಗೆ ಹೋಗಿ, ಮೈನ್ಜ್ ವಿರುದ್ಧ ಡಾರ್ಟ್‌ಮುಂಡ್ ಸೋತ ಒಂದು ಪಂದ್ಯದ ಅಂಕಿಗಳನ್ನು ಮುಂದಿಟ್ಟರು. ಆ ಮ್ಯಾಚು ನೀವು ನೋಡಿದ್ರಾ ಅಂತ ಕ್ಲಾಪ್ ಆಸೆಯಿಂದ ಕೇಳಿದರಂತೆ. ಗ್ರಹಾಂ ನೋಡಿರಲಿಲ್ಲ, ಅಂಕಿಗಳನ್ನಷ್ಟೇ ಓದಿದ್ದರು. ಅದೇ ಕ್ಲಾಪ್ 2019ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದರು, 2020ರಲ್ಲಿ 30 ವರ್ಷದ ನಂತರ ಲಿವರ್‌ಪೂಲಿಗೆ ಲೀಗ್ ಪ್ರಶಸ್ತಿ ತಂದುಕೊಟ್ಟರು.

ಹುಡುಗ ಎದ್ದು ಕೂತಿದ್ದ. ಆದರೆ ಕಥೆಯ ಇನ್ನರ್ಧವನ್ನೂ ಹೇಳಲೇಬೇಕಿತ್ತು. ಗ್ರಹಾಂ ಹತ್ತಿರ ಇದ್ದದ್ದು 34 ಪಂದ್ಯಗಳ ಒಂದೊಂದು ಪಾಸು. ನನ್ನ ಹತ್ತಿರ ಇರೋದು ಒಂಬತ್ತು ಚುಕ್ಕಿ. ನನ್ನ ಬೆಲೆಗಳೂ ದೊಡ್ಡವರ ಆಟದಿಂದ ತಂದವು. ಹುಲ್ಲಿಲ್ಲದ, ನಡುವೆ ನೀರು ನಿಂತ ಮೈದಾನದಲ್ಲಿ ಹದಿನೈದು ವರ್ಷದ ಹುಡುಗರಿಗೆ ಅವು ಎಷ್ಟು ಒಪ್ಪುತ್ತವೋ. ಒಂಬತ್ತರಲ್ಲಿ ಸೊನ್ನೆ ಅನ್ನೋದು ನೀನು ಕೆಟ್ಟ ಆಟಗಾರ ಅಂತ ಹೇಳಲ್ಲ. ಒಳ್ಳೆಯ ಆಟಗಾರ ಅಂತಲೂ ಹೇಳಲ್ಲ. ಒಂದು ಮಾತ್ರ ಗಟ್ಟಿಯಾಗಿ ಹೇಳಬಹುದು. ಒಂಬತ್ತು ಸಲ ಚೆಂಡು ಬರುವ ಜಾಗಕ್ಕೆ ಬೇರೆಯವರಿಗಿಂತ ಮುಂಚೆ ಹೋಗಿ ನಿಂತಿದ್ದವನು ನೀನೇ. ಬಿಟ್ಟಿದ್ದನ್ನು ಎಲ್ಲರೂ ನೋಡಿದರು. ಅಲ್ಲಿಗೆ ಹೋಗಿ ನಿಂತಿದ್ದನ್ನು ಯಾರೂ ನೋಡಲಿಲ್ಲ.

ಅವನಿಗೆ ಸಮಾಧಾನ ಆಯ್ತೋ ಇಲ್ವೋ ಗೊತ್ತಿಲ್ಲ. ಅಕ್ಕ ಒಳಗಿನಿಂದ ಕರೆದಳು, ಎದ್ದು ಹೋಗಿ ಎರಡು ಮುದ್ದೆ ಉಂಡ.

ಅಪ್ಪ ನೋಟ್‌ಬುಕ್ ವಾಪಸ್ ಕೊಡಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ 'ತೊಂಬತ್ನಾಲ್ಕರಲ್ಲಿ ನಾನು ಹೊಡೆದಿದ್ದೂ ಹಿಂಗೇ ಏನೋ' ಅಂದ.

ನನಗೆ ತಕ್ಷಣ ಅರ್ಥವಾಯ್ತು. 1994ರ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಕಾಫಿ ಬೋರ್ಡಿನ ಪೂಲಿಗೆ ಕೊಡೋದು ಬಿಟ್ಟು, ಬೆಳೆಗಾರರೇ ಮಾರಿಕೊಳ್ಳುವ ಅವಕಾಶ ಹಂತಹಂತವಾಗಿ ಸಿಗುತ್ತಿದ್ದ ಕಾಲ. ಅಪ್ಪ ಒಂದಷ್ಟು ಚೆರ್ರಿ ಮೂಟೆಗಳನ್ನು ಮಾರದೆ ಇಟ್ಟುಕೊಂಡಿದ್ದ. ಆ ವರ್ಷದ ನಡುವೆ ಬ್ರೆಜಿಲ್‌ನಲ್ಲಿ ಫ್ರಾಸ್ಟ್ ಬಿದ್ದು ಕಾಫಿ ಗಿಡಗಳು ಸುಟ್ಟುಹೋದವು, ಜಗತ್ತಿನ ಬೆಲೆ ಜಿಗಿದುಬಿಟ್ಟಿತು. ಮನೆಗೆ ಹೆಂಚು ಬದಲಾಯಿಸಿದ್ದು, ಟಿವಿ ಬಂದಿದ್ದು ಆ ದುಡ್ಡಲ್ಲಿ. ಊರಲ್ಲಿ ಅಪ್ಪ ಬುದ್ಧಿವಂತ ಅನ್ನಿಸಿಕೊಂಡ. 2000ದಲ್ಲಿ ಅದೇ ಬುದ್ಧಿವಂತಿಕೆಯಿಂದ ಮತ್ತೆ ಮೂಟೆಗಳನ್ನು ಇಟ್ಟುಕೊಂಡ. ಅಷ್ಟೊತ್ತಿಗೆ ವಿಯೆಟ್ನಾಂ ರೊಬಸ್ಟಾ ಸುರಿಯೋಕೆ ಶುರು ಮಾಡಿತ್ತು. ಬೆಲೆ ಇಳೀತಾ ಇಳೀತಾ ತಳ ಕಂಡಿತು. ಕೊನೆಗೆ ಸಿಕ್ಕಿದ ರೇಟಿಗೆ ಮಾರಿದ. ಅವ್ವನ ಸರ ಬ್ಯಾಂಕಿಗೆ ಹೋಯ್ತು. ನಾನು ಪಿಯುಸಿ ಓದುವಾಗ ಫೀಸಿನ ಮಾತು ಬಂದ ಒಂದು ದಿನ 'ನಿಂಗೆ ಯಾಪಾರ ಗೊತ್ತಿಲ್ಲ, ದುರಾಸೆ ಗೊತ್ತು' ಅಂತ ಅಪ್ಪನ ಮುಖಕ್ಕೇ ಹೇಳಿದ್ದೆ.

ಈಗ ಲೆಕ್ಕ ಹಾಕಿದರೆ ಎರಡೂ ಸಲ ಅಪ್ಪ ಮಾಡಿದ್ದು ಒಂದೇ. ಒಂದೇ ಜಾಗದಿಂದ, ಒಂದೇ ತರಹದ ಹೊಡೆತ. ಬ್ರೆಜಿಲ್‌ನಲ್ಲಿ ಯಾವತ್ತು ಹಿಮ ಬೀಳುತ್ತೆ, ವಿಯೆಟ್ನಾಂನಲ್ಲಿ ಯಾರು ಎಷ್ಟು ಗಿಡ ನೆಟ್ಟಿದ್ದಾರೆ ಅಂತ ಬೇಲೂರು ತಾಲ್ಲೂಕಿನಲ್ಲಿ ಮೂರು ಎಕರೆ ಇರುವವನಿಗೆ ಹೇಗೆ ತಿಳಿಯಬೇಕು? 1994ರಲ್ಲಿ ಅದು ಗೋಲಾಗಿದ್ದಕ್ಕೆ ನಾವೆಲ್ಲ ಬುದ್ಧಿವಂತ ಅಂದೆವು, ಅವನೂ ನಂಬಿದ. ಆ ನಂಬಿಕೆಯೇ 2000ದಲ್ಲಿ ಅವನ ಕೈಯಲ್ಲಿ ಮತ್ತೆ ಹೊಡೆಸಿತು. ದಡ್ಡ ಅಂದಿದ್ದು ಎಷ್ಟು ತಪ್ಪೋ, ಬುದ್ಧಿವಂತ ಅಂದಿದ್ದೂ ಬಹುಶಃ ಅಷ್ಟೇ ತಪ್ಪು. ಕ್ಷಮಿಸು ಅನ್ನೋ ಮಾತು ನಮ್ಮ ಮನೆಗಳಲ್ಲಿ ಯಾರೂ ಆಡಲ್ಲ. 'ಬೇರೆ ಯಾರಿದ್ರೂ ಅದನ್ನೇ ಮಾಡೋರು ಅಪ್ಪ' ಅಂದೆ. ಅಪ್ಪ 'ಹ್ಞೂ' ಅಂದು ಎದ್ದು, ಬಾಗಿಲಾಚೆ ಕೈ ಚಾಚಿ ಮಳೆ ನೋಡಿದ. 'ಇವತ್ತು ಅರವತ್ತು ಸೆಂಟಾದ್ರೂ ಆಗ್ತದೆ' ಅಂದ.

ಮುಂದೆ ಏನಾಯ್ತು ಅಂತ ನೀವು ಕೇಳ್ತೀರಿ. ನಾನು ಆ ಪುಟವನ್ನು ಮೇಷ್ಟ್ರಿಗೆ ತೋರಿಸಿದೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿ, 'ಇಂಜಿನಿಯರ್ ಸಾರ್, ಇದರಲ್ಲಿ ಗೋಲು ಎಲ್ಲೈತೆ?' ಅಂದರು. ನ್ಯಾಯವಾದ ಪ್ರಶ್ನೆಯೇ. ಆರಿಸುವವರ ಕೈಯಲ್ಲಿ ಇದ್ದದ್ದೂ ಗೋಲಿನ ಪಟ್ಟಿ ಮಾತ್ರ. ಜಿಲ್ಲಾ ತಂಡದಲ್ಲಿ ಹುಡುಗನ ಹೆಸರು ಬರಲಿಲ್ಲ. ಅಕ್ಕ ಫೋನಿನಲ್ಲಿ ಅತ್ತಳು. ಅಂಕಿಗಳಿಗೆ ಅಷ್ಟು ಶಕ್ತಿ ಇಲ್ಲ ಅಂತ ನನಗೆ ಮೊದಲೇ ಗೊತ್ತಿದ್ದರೂ ಎರಡು ದಿನ ಆಫೀಸಿನಲ್ಲಿ ಮನಸ್ಸು ನಿಲ್ಲಲಿಲ್ಲ.

ನಾನು ಊರಲ್ಲಿ ಬಿಟ್ಟುಬಂದ ನೋಟ್‌ಬುಕ್ ಈಗ ಮೊಳೆಯಲ್ಲಿ ಮಳೆ ಪುಸ್ತಕದ ಪಕ್ಕ ನೇತಾಡ್ತಿದೆಯಂತೆ. ಸ್ಕೂಲ್ ಮೈದಾನದಲ್ಲಿ ಆಡಿಬಂದ ದಿನ ಹುಡುಗ ಒಂದು ಚೌಕ ಬರೆದು, ತಾನು ಹೊಡೆದ ಜಾಗಗಳಲ್ಲೆಲ್ಲ ಚುಕ್ಕಿ ಇಟ್ಟು ತಾತನಿಗೆ ತೋರಿಸ್ತಾನಂತೆ. ಬಾಕ್ಸಿನ ಹೊರಗಿನ ಚುಕ್ಕಿ ಕಂಡರೆ ಅಪ್ಪ 'ಇಲ್ಲಿಂದ ಯಾಕೋ ಹೊಡೀತೀಯ, ಇನ್ನೊಂದೆರಡು ಹೆಜ್ಜೆ ಹೋಗು' ಅಂತ ಬೈತಾನಂತೆ. ಹುಟ್ಟಿದಾರಭ್ಯ ಒಂದು ಮ್ಯಾಚನ್ನೂ ಪೂರ್ತಿ ನೋಡದ ಅಪ್ಪ!

ಹೋದ ಭಾನುವಾರ ಫೋನ್ ಮಾಡಿದ್ದೆ. ಮಳೆ ಇಲ್ಲ, ಮೆಣಸಿನ ಬಳ್ಳಿ ಹಳದಿ ತಿರುಗ್ತಿದೆ ಅಂತೆಲ್ಲ ಹೇಳಿದ ಮೇಲೆ ಅಪ್ಪನೇ ಶುರು ಮಾಡಿದ. 'ಇವತ್ತು ಆರು ಸಲ ಹೊಡೆದವ್ನೆ. ಅದರಲ್ಲಿ ಎರಡು ಸರೀ ಹತ್ರದಿಂದ.'

'ಗೋಲು ಎಷ್ಟಪ್ಪ?' ಅಂದೆ, ತಡೆಯೋಕಾಗದೆ.

'ಅದನ್ನ ಮೊದ್ಲು ಕೇಳಬಾರದು ಅಂದಿದ್ದು ನೀನೇ ಅಲ್ವೇನ್ಲಾ?' ಅಂತ ಅಪ್ಪ ನಕ್ಕ. ಸ್ವಲ್ಪ ಹೊತ್ತು ನನ್ನನ್ನು ಕಾಯಿಸಿ, ಆಮೇಲೆ 'ಒಂದು' ಅಂದ.